ಗ್ರಿಲ್ಲಿನ ಮುಂದೆ ಅಂಗೈ

ಫ್ಯಾನು ತಿರುಗುತ್ತಿತ್ತು. ನಮ್ಮನ್ನೆಲ್ಲ ದಾರಿ ತಪ್ಪಿಸಿದ್ದೇ ಅದು. ಅದು ನಿಂತಿದ್ದರೆ, ಹೋಗಲಿ, ತಿರುಗಲು ಸ್ವಲ್ಪ ತಡವರಿಸಿದ್ದರೂ ಮೊದಲ ದಿನವೇ ಹಿಡಿದು, ಸರಿಮಾಡಿ, ಗಾಡಿ ಕಳಿಸಿ ಮರೆತುಬಿಡುತ್ತಿದ್ದೆ. ಅದು ಗಟ್ಟಿಯಾಗಿ, ಒಂದೇ ಲಯದಲ್ಲಿ ತಿರುಗುತ್ತಿದ್ದುದರಿಂದ ಎಷ್ಟೋ ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಖಾನಾಪುರದಲ್ಲಿ, ನನಗೆ ಈ ಕೆಲಸ ಕಲಿಸಿದವರ ಅಂಗಡಿಯ ಮುಂದೆ ಹೋಗಿ ನಿಲ್ಲಬೇಕಾಯಿತು. ಅವರ ಕೈಯಿಂದ ಕೆಲಸ ತಪ್ಪಬಾರದು ಅನ್ನುವುದೊಂದೇ ಆಗ ನನ್ನ ಮನಸ್ಸಿನಲ್ಲಿ ಇದ್ದದ್ದು. ತಪ್ಪಿಸಿದ್ದು ಮಾತ್ರ ನಾನೇ.

ಬೆಳಗಾವಿಯಲ್ಲಿ ಖಾನಾಪುರ ರಸ್ತೆಯ ಬದಿಗೆ ನನ್ನದೊಂದು ಆಟೋ ಎಲೆಕ್ಟ್ರಿಕ್ ಅಂಗಡಿ. ಗಾಡಿಯ ವೈರು, ಡೈನಮೋ, ಸ್ಟಾರ್ಟರು, ಫ್ಯಾನು, ಇವು ನನ್ನ ಪಾಲಿನವು. ಆ ಬೇಸಿಗೆಯಲ್ಲಿ ಒಬ್ಬ ಬ್ಯಾಂಕಿನ ಮೇಡಂ ಬಂದರು. ಮನೆ ಸದಾಶಿವನಗರದಲ್ಲಿ, ನೌಕರಿ ಖಾನಾಪುರ ಶಾಖೆಯಲ್ಲಿ. ತಮ್ಮ ಹಳೆಯ ಸಣ್ಣ ಕಾರಿನಲ್ಲೇ ದಿನಾ ಹೋಗಿಬರುವವರು.

"ಗಾಡಿ ಭಾಳ ಗರಂ ಆಗಾಕತ್ತೈತ್ರಿ," ಅಂದರು. "ಅರ್ಧಾ ಹಾದಿಗೆ ಟೆಂಪರೇಚರ್ ಕಾಟಾ ಮ್ಯಾಲ ಹೋಗಿಬಿಡ್ತದ. ಬಾಜೂಕ ನಿಲ್ಲಿಸಿ, ಆರಿಸಿ, ಮತ್ತ ಹೋಗೂದು. ಮ್ಯಾನೇಜರ್ ಮಾರಿ ನೋಡಾಕ ಆಗವಲ್ದು."

"ಫ್ಯಾನ್ ನೋಡಿಸೀರೇನ್ರಿ?"

"ಫ್ಯಾನ್ ಹೊಸಾದರಿ. ಮೋಟರ್ ಹಾಕ್ಸಿ ಭಾಳ ದಿನ ಆಗಿಲ್ಲ. ತಿರಗತದ ಚಲೋ."

ಹೊಸದು ಅಂದ ಕೂಡಲೇ ಫ್ಯಾನನ್ನು ನಾನು ಅನುಮಾನದ ಪಟ್ಟಿಯಿಂದ ತೆಗೆದುಹಾಕಿದೆ. ಎಲ್ಲಿ ಹಾಕಿಸಿದಿರಿ ಅಂತಲೂ ಕೇಳಲಿಲ್ಲ. ಇವರು ನನ್ನ ಹತ್ತಿರ ಬರುವ ಮೊದಲೇ ಇನ್ನೊಂದು ಗ್ಯಾರೇಜಿನವರು ಥರ್ಮೋಸ್ಟಾಟ್ ಬದಲಿಸಿದ್ದರು, ಕೂಲಂಟ್ ಚೆಲ್ಲಿ ಹೊಸದು ತುಂಬಿದ್ದರು, ರೇಡಿಯೇಟರಿನ ಮುಚ್ಚಳವನ್ನೂ ಬದಲಿಸಿದ್ದರು. ಅವರಿಗೂ ಫ್ಯಾನು ತಿರುಗುವುದು ಕಂಡಿತ್ತು.

ಎಂಜಿನ್ ತಣ್ಣಗಿರುವಾಗಲೇ ರೇಡಿಯೇಟರಿನ ಮುಚ್ಚಳ ತೆಗೆದು, ಗಾಡಿ ಚಾಲೂ ಮಾಡಿ, ನೀರಿನಲ್ಲಿ ಗುಳ್ಳೆ ಏಳುತ್ತವೆಯೋ ಅಂತ ನೋಡಿದೆ. ಎದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರ್ಥ. ಏಳಲಿಲ್ಲ. ಮುಚ್ಚಳ ಹಾಕಿ ಕಾಯಲು ಬಿಟ್ಟೆ. ಮೇಲಿನ ಪೈಪು ಬಿಸಿಯಾಯಿತು, ಕೆಳಗಿನದೂ ಆಯಿತು, ಅಂದರೆ ನೀರು ಓಡಾಡುತ್ತಿದೆ. ಕಾವು ಏರಿದ ಮೇಲೆ ಫ್ಯಾನಿಗೆ ಕರೆಂಟು ಬಿಡುವ ರಿಲೇ ಟಕ್ಕೆಂದಿತು, ಫ್ಯಾನು ಎದ್ದಿತು. ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದರೆ ಎಷ್ಟು ಕರೆಂಟು ಎಳೆಯಬೇಕೋ ಅಷ್ಟೇ ಎಳೆಯುತ್ತಿತ್ತು. ನನ್ನ ಮೀಟರಿನ ಮೇಲೆ ನನಗೆ ಸಿಕ್ಕಾಪಟ್ಟೆ ಪ್ರೀತಿ. ಅದು ಸರಿ ಅಂದರೆ ಮುಗಿಯಿತು, ದೇವರು ಬಂದು ಇಲ್ಲ ಅಂದರೂ ನಂಬುವವನಲ್ಲ ನಾನು.

ಹಾಗಾದರೆ ರಸ್ತೆಯ ಮೇಲೆ ನೋಡೋಣ ಎಂದು ಪೀರನವಾಡಿಯಲ್ಲಿ ಹೊರಳಿ ಜಾಂಬೋಟಿ ಕಡೆ ಹೊರಟೆ. ಸಪಾಟು ರಸ್ತೆಯಲ್ಲಿ ಗಾಡಿ ತಕ್ಕಮಟ್ಟಿಗೆ ಸುಮ್ಮನಿತ್ತು. ಏರು ಬಂತು. ಮುಂದೆ ಜಲ್ಲಿ ತುಂಬಿದ ಟ್ರ್ಯಾಕ್ಟರೊಂದು ತೆವಳುತ್ತಿತ್ತು, ಹಾಯಲು ಜಾಗವಿಲ್ಲ. ಅದರ ಹಿಂದೆ ಎರಡನೇ ಗೇರಿನಲ್ಲಿ ಹೋಗುತ್ತಿರುವಾಗ ಕಾಟಾ ಏರತೊಡಗಿತು. ಫ್ಯಾನು ಒಳಗೆ ಗುಂಯ್ಗುಡುತ್ತಲೇ ಇತ್ತು, ಕಾಟಾ ಏರುತ್ತಲೇ ಇತ್ತು. ಗಾಡಿ ಬದಿಗೆ ಹಾಕಿ ಬಾನೆಟ್ ಎತ್ತಿ, ಗಿಡದ ನೆರಳಿನಲ್ಲಿ ಕೂತು ಬೈದೆ. ಯಾರನ್ನು ಬೈದೆನೋ ಗೊತ್ತಿಲ್ಲ.

ರೇಡಿಯೇಟರಿನ ಒಳಗೇ ಕಸ ಕಟ್ಟಿದೆ ಅಂತ ತೀರ್ಮಾನಿಸಿದೆ. ಅದನ್ನು ಇಳಿಸಿ ರೇಡಿಯೇಟರ್ ಕೆಲಸದವರ ಕಡೆ ಕೊಟ್ಟು, ನಳಿಗೆಗಳಿಗೆ ಸರಳು ಹಾಕಿಸಿ ಸ್ವಚ್ಛ ಮಾಡಿಸಿ ತಂದು ಕೂರಿಸಿದೆ. ಅವರು ಕೊಡುವಾಗಲೇ, "ಇದರಾಗ ಏನೂ ಇರಲಿಲ್ಲ ಬಿಡ್ರಿ," ಅಂದಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಮೇಡಂ ಫೋನ್ ಮಾಡಿದರು, ಗಾಡಿ ಮತ್ತೆ ದಾರಿಯಲ್ಲಿ ನಿಂತಿದೆಯಂತೆ. "ನೀವು ಹೊಡಿಯೂ ರೀತಿನೂ ನೋಡಬೇಕಾಗ್ತೈತ್ರಿ," ಅಂದುಬಿಟ್ಟೆ. ಅವರು, "ನೋಡ್ರಿ ಹಂಗಾದ್ರ," ಅಂದರು. ನನಗೇ ನಾಚಿಕೆಯಾಯಿತು.

ಅವರು ಮತ್ತೆ ಗಾಡಿ ತಂದು ಬಿಟ್ಟದ್ದು ಅಮಾವಾಸ್ಯೆಯ ಮರುದಿನ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು ಪೂಜೆ ಮಾಡುವುದು ರೂಢಿ. ಈ ಗಾಡಿ ಕಾಡಿದ ಕಾಟಕ್ಕೆ ಮೇಡಂ ಪೂಜೆಯನ್ನು ತುಸು ಜೋರಾಗಿಯೇ ಮಾಡಿಸಿದ್ದರು. ಗ್ರಿಲ್ಲಿಗೆ ಚೆಂಡುಹೂವಿನ ಮಾಲೆ, ಅದರ ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ದಾರ. ನಾನು ಎಂಜಿನ್ ಕಾಯಲು ಬಿಟ್ಟು, ಚಹಾದ ಕಪ್ಪು ಹಿಡಿದುಕೊಂಡು ಗಾಡಿಯ ಮುಂದೆ ಸುಮ್ಮನೆ ನಿಂತಿದ್ದೆ. ಫ್ಯಾನು ಎದ್ದಿತು. ಮಾಲೆಯ ಒಣಗಿದ ಎಸಳುಗಳು ಕಿತ್ತು ಬಂದು ನನ್ನ ಕಾಲಿನ ಮೇಲೆ ಬಿದ್ದವು. ನಿಂಬೆಯ ದಾರ ನನ್ನ ಕಡೆಗೆ ವಾಲಿ ಅಲ್ಲಾಡತೊಡಗಿತು. ಪ್ಯಾಂಟಿನ ಮೇಲೆ ಬಿಸಿ ಗಾಳಿ ಬಡಿಯಿತು.

ಚಹಾ ಹಾಗೇ ಆರಿಹೋಯಿತು. ಆ ಗಾಡಿಯಲ್ಲಿ ಫ್ಯಾನು ಇರುವುದು ರೇಡಿಯೇಟರಿನ ಹಿಂದೆ. ಅದು ಮುಂದಿನಿಂದ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳಬೇಕು. ಆಗ ಎಸಳುಗಳು ಗ್ರಿಲ್ಲಿಗೆ ಅಂಟಿಕೊಳ್ಳಬೇಕೇ ಹೊರತು ನನ್ನ ಕಾಲಿಗೆ ಬರಬಾರದು. ಮೋಟರಿನ ಎರಡು ವೈರು ಅದಲು ಬದಲಾದರೆ ಅದು ಉಲ್ಟಾ ತಿರುಗಿ, ಎಂಜಿನ್ನಿನ ಬಿಸಿ ಗಾಳಿಯನ್ನೇ ಮುಂದಕ್ಕೆ ದಬ್ಬುತ್ತದೆ. ಏರಿನಲ್ಲಿ ನಿಧಾನ ಹೋಗುವಾಗ ಎದುರಿನಿಂದ ಬರುವ ಅಷ್ಟಿಷ್ಟು ಗಾಳಿಯನ್ನೂ ತಡೆಯುತ್ತದೆ. ಕರೆಂಟು ಮಾತ್ರ ಅಷ್ಟೇ ಎಳೆಯುತ್ತದೆ, ಮೀಟರಿಗೆ ದಿಕ್ಕು ತಿಳಿಯುವುದಿಲ್ಲ.

ಮತ್ತು ಇದನ್ನು ನೋಡುವ ಬಗೆ ನನಗೆ ಗೊತ್ತಿತ್ತು. ಖಾನಾಪುರದಲ್ಲಿ ನಾನು ಕೆಲಸ ಕಲಿತ ಮಿಸ್ತ್ರಿ, ನಾನು ಕಾಕಾ ಎಂದು ಕರೆಯುವವರು, ಫ್ಯಾನಿನ ಯಾವ ಕೆಲಸ ಮಾಡಿದರೂ ಕೊನೆಗೆ ಗ್ರಿಲ್ಲಿನ ಮುಂದೆ ಅಂಗೈ ಹಿಡಿಯುತ್ತಿದ್ದರು. "ಕೈಗೆ ಗಾಳಿ ಬಡೀತಂದ್ರ ತಪ್ಪೈತಿ. ಏನೂ ಬಡೀಲಿಲ್ಲಂದ್ರ ಒಳಗ ಎಳಿಯಾಕತ್ತೈತಿ, ಸರಿ ಐತಿ," ಅನ್ನುತ್ತಿದ್ದರು. ಮೀಟರ್ ಕೊಂಡ ಮೇಲೆ ನಾನು ಆ ಅಭ್ಯಾಸ ಬಿಟ್ಟಿದ್ದೆ.

ಫ್ಯಾನನ್ನು ಮೇಲಕ್ಕೆತ್ತಿ ವೈರಿನ ಜೋಡಣೆ ನೋಡಿದೆ. ಹಳೆಯ ಕನೆಕ್ಟರ್ ಸುಟ್ಟಿದ್ದರಿಂದ ಯಾರೋ ಅದನ್ನು ಕತ್ತರಿಸಿ, ವೈರುಗಳನ್ನು ನೇರ ಜೋಡಿಸಿ, ಬೆಸುಗೆ ಹಾಕಿ, ಬಟ್ಟೆಯ ಟೇಪು ಸುತ್ತಿದ್ದರು. ಟೇಪಿನ ಮೇಲೆ ಮೇಣ ಹಚ್ಚಿದ ದಾರದ ಗಂಟುಗಳು. ಆ ಗಂಟು ಯಾರದೆಂದು ಕೂಡಲೇ ಗೊತ್ತಾಯಿತು. ಈಗ ಎಲ್ಲರೂ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ದಾರದ ಗಂಟು ಹಾಕುವವರು ಕಾಕಾ ಒಬ್ಬರೇ, ಅವರು ಕಲಿಸಿದ್ದರಿಂದ ನಾನೊಬ್ಬ. ನಾನು ಕಲಿಯುವಾಗ ನನ್ನ ಪ್ರತಿ ಗಂಟಿನ ಮೇಲೂ ಹೆಬ್ಬೆರಳು ಆಡಿಸಿ, "ಸಡಲ ಐತಿ, ಬಿಚ್ಚು," ಅನ್ನುತ್ತಿದ್ದರು. ನನ್ನ ಗಂಟಿನ ಬಗ್ಗೆ ಅವರ ಬಾಯಲ್ಲಿ ಸರಿ ಅನ್ನುವ ಮಾತು ನಾನು ಕೇಳಲೇ ಇಲ್ಲ. ಹೆಚ್ಚೆಂದರೆ ಹೆಬ್ಬೆರಳು ಆಡಿಸಿ ಸುಮ್ಮನಾಗುತ್ತಿದ್ದರು, ಅದನ್ನೇ ನಾನು ಹೊಗಳಿಕೆ ಎಂದುಕೊಂಡು ಮನೆಗೆ ಹೋಗುತ್ತಿದ್ದೆ.

ಈ ಗಂಟು ಎಷ್ಟು ಬಿಗಿಯಾಗಿತ್ತೆಂದರೆ ದಾರ ಟೇಪನ್ನು ಕೊಯ್ದು ಒಳಗಿಳಿದಿತ್ತು. ಈ ವಯಸ್ಸಿನಲ್ಲೂ ಕೈಯಲ್ಲಿ ಎಂಥ ಕಸುವು ಅಂತ ಹೆಮ್ಮೆಪಟ್ಟೆ. ಹೊಸ ಮೋಟರಿನ ವೈರು ಒಂದು ಕಂದು, ಇನ್ನೊಂದು ಕರಿ. ಕಂದಿನ ಜಾಗಕ್ಕೆ ಕರಿ ಹೋಗಿತ್ತು. ಕಾಕಾನ ಕಣ್ಣಿಗೆ ಪೊರೆ ಬಂದಿರುವುದು ನನಗೆ ಗೊತ್ತಿತ್ತು, ಹಾಗಾಗಿ ಆಶ್ಚರ್ಯವಾಗಲಿಲ್ಲ. ಹಳೆಯ ಜೋಡಣೆ ಕತ್ತರಿಸಿ, ಎರಡು ಪಿನ್ನಿನ ಹೊಸ ಕನೆಕ್ಟರ್ ಹಾಕಿ, ವೈರು ಸರಿಯಾಗಿ ಕೂರಿಸಿದೆ. ಅದೇ ಏರಿನಲ್ಲಿ ಅದೇ ಬಗೆಯ ಟ್ರ್ಯಾಕ್ಟರಿನ ಹಿಂದೆ ಹೋಗಿ ಬಂದೆ. ಕಾಟಾ ನಡುವೆ ಕೂತದ್ದು ಅಲ್ಲಾಡಲಿಲ್ಲ.

ಮೇಡಂಗೆ ಏನು ಹೇಳುವುದು? ರಿಲೇ ಹೋಗಿತ್ತು ಅಂದರೆ ಮುಗಿಯುತ್ತಿತ್ತು. ಅವರು ಕೇಳುವವರೂ ಅಲ್ಲ. ಆದರೆ ಗಾಡಿಯ ಹತ್ತಿರ ನಿಂತು ಅವರೇ ಮಾತು ತೆಗೆದರು.

"ಮೋಟರ್ ಖಾನಾಪುರದಾಗ ಮಿಸ್ತ್ರಿ ಕಾಕಾರ ಕಡೆ ಹಾಕ್ಸಿದ್ದೆರಿ. ಅವರದ ಏನರೆ ತಪ್ಪಾಗಿತ್ತೇನು?"

ನಾನು ಟೇಪು ಸುತ್ತುತ್ತ ನಿಂತೆ.

"ಆಗಿದ್ರೂ ನಾ ಏನೂ ಅನ್ನಂಗಿಲ್ರಿ ಅವರಿಗೆ. ಹಿರ್ಯಾರು. ಆದ್ರ ಅವರ ಅಂಗಡಿ ಮುಂದ ಒಂದು ಸಾಲಿ ವ್ಯಾನ್ ನಿಂತದ. ಪೂರಾ ವಾಯರಿಂಗ್ ಬಿಚ್ಚಿ ಹಾಕ್ಯಾರ, ಹೊಸಾದು ಮಾಡಾಕ. ನಮ್ಮ ಬ್ಯಾಂಕಿನ ಸಿಪಾಯಿ ಮಗಳು ಅದರಾಗ ಹೋಗ್ತಾಳ. ಅದಕ್ಕ ಕೇಳಿದೆ."

ಕಾರಿನ ಫ್ಯಾನಿನಲ್ಲಿ ವೈರು ತಪ್ಪಿದರೆ ಕಾಟಾ ಏರುತ್ತದೆ. ಮಕ್ಕಳ ವ್ಯಾನಿನ ಪೂರಾ ವೈರಿಂಗಿನಲ್ಲಿ ತಪ್ಪಿದರೆ ಹೊಗೆ ಏಳುತ್ತದೆ. ಸುಮ್ಮನಿರುವ ದಾರಿ ಅಲ್ಲಿಗೆ ಮುಚ್ಚಿತು. "ನಾಳೆ ನಾನ ನಿಮ್ಮನ್ನ ಬ್ಯಾಂಕಿಗೆ ಬಿಟ್ಟು ಗಾಡಿ ತಗೊಂಡು ಅವರ ಕಡೆ ಹೋಗಿ ಬರ್ತೀನ್ರಿ," ಅಂದೆ. ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಹೋದೆ. ಕಣ್ಣಿನ ಆಪರೇಶನ್ ಮಾಡಿಸಿರಿ, ಈಗೆಲ್ಲ ಹೋದ ದಿನವೇ ಮನೆಗೆ ಕಳಿಸುತ್ತಾರೆ, ಅಲ್ಲಿಯವರೆಗೆ ವ್ಯಾನಿನ ಕೆಲಸಕ್ಕೆ ನಾನು ಕೈಜೋಡಿಸುತ್ತೇನೆ. ಹೇಳಿ ಮುಗಿಸಿ, ಊಟ ಮಾಡಿ ಬರಬಹುದು ಅನಿಸಿತ್ತು.

ಕಾಕಾನ ಅಂಗಡಿ ಅಂದರೆ ಮನೆಗೆ ಹೊಂದಿಸಿದ ತಗಡಿನ ಚಪ್ಪರ. ಅದರ ಮುಂದೆ ವ್ಯಾನು ನಿಂತಿತ್ತು. ಒಳಗೆ ಕಾಕು, ಅಂದರೆ ಕಾಕಾನ ಹೆಂಡತಿ, ಮೊರದಲ್ಲಿ ವೈರಿನ ತುಂಡುಗಳನ್ನು ಹಾಕಿಕೊಂಡು ಅಕ್ಕಿ ಆರಿಸುವ ಹಾಗೆ ಬೇರೆ ಬೇರೆ ಮಾಡುತ್ತಿದ್ದರು. "ಇದು ಹಸರು. ಇದು ಹಳದಿ, ಕರಿ ಪಟ್ಟಿದು," ಎಂದು ಒಂದೊಂದಾಗಿ ಕಾಕಾನ ಕೈಗೆ ಕೊಡುತ್ತಿದ್ದರು. ಕಣ್ಣಿನ ಕೊರತೆಯನ್ನು ಗಂಡ ಹೆಂಡತಿ ಹೀಗೆ ತುಂಬಿಕೊಂಡಿದ್ದರು. ನಾನು ಹೇಳಲು ಬಂದಿದ್ದ ಮಾತಿನ ಅರ್ಧ ಅಲ್ಲೇ ಉದುರಿತು.

"ಬಾ ತಮ್ಮಾ, ಕುಂದರು," ಅಂದರು ಕಾಕಾ. "ಬೆಳಗಾವ್ಯಾಗ ಕೆಲಸ ಇಲ್ಲೇನು? ಮೀಟರ್ ಕೆಟ್ಟೈತೇನು?"

ನಕ್ಕೆ. ನಗು ಬೇಗ ಮುಗಿಯಿತು. "ಕಾಕಾ, ಬ್ಯಾಂಕಿನ ಮೇಡಂ ಗಾಡಿ ತಂದೀನ್ರಿ. ಫ್ಯಾನ್ ಉಲ್ಟಾ ತಿರಗತಿತ್ತು. ಕಂದು ಕರಿ ಅದಲ ಬದಲ ಆಗಿತ್ತು."

ಕಾಕಾ ಕೈಯಲ್ಲಿದ್ದ ವೈರನ್ನು ಕೆಳಗಿಟ್ಟರು. ಕಾಕು ತಕ್ಷಣ, "ಆವತ್ತ ನಾ ಹಳಿಯಾಳಕ್ಕ ತಂಗಿ ಮನಿಗೆ ಹೋಗಿದ್ನೆಪ್ಪಾ. ನಾ ಇದ್ದಿದ್ರ ಹಂಗ ಆಗತಿದ್ದಿಲ್ಲ," ಅಂದರು. ತಪ್ಪು ತಮ್ಮದೇ ಎನ್ನುವ ದನಿ. ನನಗೆ ಅದೇ ದಾರಿ ಸಿಕ್ಕಂತಾಗಿ, "ಹೌದ್ರಿ, ಕಣ್ಣಿಂದ ಆಗಿದ್ದು. ಒಂದು ಆಪರೇಶನ್ ಮಾಡಿಸಿದ್ರ ಆತ್ರಿ ಕಾಕಾ," ಎಂದೆ.

"ಕಣ್ಣಿನ ಮಾತ ಬಿಡು," ಅಂದರು ಕಾಕಾ. "ಕಣ್ಣ ನಂಬೂದು ನಾ ಬಿಟ್ಟು ಭಾಳ ದಿನ ಆತು. ಬಣ್ಣ ತಪ್ಪಿರಬಹುದು. ಆದ್ರ ಗಾಡಿ ಬಿಡೂ ಮುಂದ ಕೈ ಹಿಡದು ನೋಡಿದ್ದೆ. ಏನೂ ಬಡೀಲಿಲ್ಲ ಕೈಗೆ. ಅದಕ್ಕ ಬಿಟ್ಟೆ." ಎದ್ದು ನಿಂತು, "ಗಾಡಿ ಚಾಲೂ ಮಾಡು," ಎಂದರು.

ಏಸಿ ಹಾಕಿದರೆ ಫ್ಯಾನು ಕೂಡಲೇ ತಿರುಗುತ್ತದೆ. ಹಾಕಿದೆ. ಕಾಕಾ ಬಗ್ಗಿ ಗ್ರಿಲ್ಲಿನ ಮುಂದೆ ಅಂಗೈ ಹಿಡಿದರು. ನಾನು ಕಲಿಯುವಾಗ ಹೇಗೆ ಹಿಡಿಯುತ್ತಿದ್ದರೋ ಹಾಗೇ, ಬೆರಳು ಬಿಡಿಸಿ, ತಲೆ ಒಂದು ಬದಿಗೆ ವಾಲಿಸಿ.

"ಏನೂ ಇಲ್ಲ. ಸರಿ ಐತಿ. ಬಂದ ಮಾಡು. ಈಗ ಉಲ್ಟಾ ಜೋಡಸು."

"ಯಾಕ್ರಿ ಕಾಕಾ, ಈಗ ಸರಿ ಆಗೈತೆಲ್ಲ."

"ಜೋಡಸು ಅಂದೆ."

ಆಗ ನನಗೆ ಒಳಗೊಳಗೇ ತಿಳಿದುಬಿಟ್ಟಿತ್ತು. ಆಗುವುದಿಲ್ಲ ಅನ್ನಬಹುದಿತ್ತು, ಕನೆಕ್ಟರ್ ಬಿಗಿಯಾಗಿದೆ, ಎಂಜಿನ್ ಬಿಸಿ ಇದೆ, ಮೇಡಂ ಕಾಯುತ್ತಾರೆ ಎಂದು ಏನಾದರೂ ಒಂದು ನೆಪ ಹೇಳಬಹುದಿತ್ತು. ಕಾಕಾನ ಮಾತಿಗೆ ಎದುರಾಡಿ ನನಗೆ ರೂಢಿ ಇರಲಿಲ್ಲ. ಸಣ್ಣ ಸ್ಕ್ರೂಡ್ರೈವರಿನಿಂದ ಪಿನ್ನುಗಳ ಲಾಕು ಒತ್ತಿ, ಹೊರಗೆಳೆದು, ಅದಲು ಬದಲು ಮಾಡಿ ಕೂರಿಸಿದೆ. ಮತ್ತೆ ಚಾಲೂ ಮಾಡಿ ಕೆಳಗಿಳಿದು ಬಂದೆ.

ನಿಂಬೆ ಮೆಣಸಿನಕಾಯಿಯ ದಾರ ಹೊರಕ್ಕೆ ವಾಲಿ ಕುಣಿಯುತ್ತಿತ್ತು. ಕಾಕಾನ ಹಿಂದೆ ನಿಂತಿದ್ದ ಕಾಕು ಬಿಸಿ ಗಾಳಿಗೆ ಸೆರಗಿನಿಂದ ಮುಖ ಮರೆ ಮಾಡಿಕೊಂಡರು. ಕಾಕಾನ ಅಂಗೈ ಅದೇ ಜಾಗದಲ್ಲಿ ಇತ್ತು. ಅಂಗಿಯ ತೋಳು ಪಟಪಟ ಬಡಿಯುತ್ತಿತ್ತು, ಪೊರೆ ಬಂದ ಕಣ್ಣಿಗೆ ಅದೂ ಕಂಡಂತಿರಲಿಲ್ಲ.

"ಏನೂ ಇಲ್ಲ," ಅಂದರು. "ಇನ್ನೂ ಉಲ್ಟಾ ಮಾಡಿಲ್ಲೇನು?"

ನಾನು ಕಾಕು ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಹೌದ್ರಿ ಕಾಕಾ, ಇನ್ನೂ ಮಾಡಿಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ವ್ಯಾನು ಬಾಜುವಿನಲ್ಲೇ ನಿಂತಿತ್ತು. ಅದರ ಕಿಟಕಿಗೆ ಯಾವುದೋ ಮಗು ಹಚ್ಚಿದ ಚಿಟ್ಟೆಯ ಚಿತ್ರ ಇತ್ತು.

"ಮಾಡೀನ್ರಿ ಕಾಕಾ," ಅಂದೆ. "ಹೊರಗ ಊದಾಕತ್ತೈತಿ."

ಅವರು ಕೈಯನ್ನು ಇನ್ನಷ್ಟು ಮುಂದೆ ತಂದರು, ಗ್ರಿಲ್ಲಿಗೆ ತಾಗುವಷ್ಟು. ಹಾಗೇ ಹಿಡಿದು ನಿಂತರು. ಆಮೇಲೆ ಹಿಂದಕ್ಕೆ ತೆಗೆದು, ಅಂಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡರು.

"ಸಕ್ಕರಿ ಬ್ಯಾನಿ ಕಾಲಿಗೆ ಬಂದಿದ್ದು ಗೊತ್ತಿತ್ತು," ಅಂದರು. "ಚಪ್ಪಲಿ ಕಳದ ಹೋದ್ರೂ ತಿಳೀತಿದ್ದಿಲ್ಲ. ಕೈಗೂ ಬಂದೈತಿ ಅನ್ನು."

ಟೇಪು ಕೊಯ್ದುಕೊಂಡು ಒಳಗಿಳಿದಿದ್ದ ಆ ದಾರ ಆಗ ನೆನಪಾಯಿತು. ಎಷ್ಟು ಎಳೆದರೆ ಸಾಕು ಎಂದು ಕೈಗೆ ತಿಳಿಯದೆ ಎಳೆದಿದ್ದರು. ಅದನ್ನು ಕಸುವು ಎಂದುಕೊಂಡಿದ್ದೆನಲ್ಲ ಅಂತ ನನ್ನ ಮೇಲೆ ನನಗೇ ಸಿಟ್ಟು ಬಂತು. ಗಾಳಿ ಬಡಿಯದಿದ್ದರೆ ಸರಿ ಅನ್ನುವುದು ಅವರು ಜನ್ಮವಿಡೀ ನಂಬಿದ ಲೆಕ್ಕ. ಏನೂ ತಿಳಿಯದ ಕೈಗೆ ಎಲ್ಲ ಗಾಡಿಯೂ ಸರಿಯಾಗಿಯೇ ಕಂಡಿರಬೇಕು.

ಹೇಳಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ದಿನವನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಕಣ್ಣಿನ ತಪ್ಪು ಎಂದು ಅಲ್ಲಿಗೆ ಮುಗಿದಿದ್ದರೆ, ಆಪರೇಶನ್ ಎಂಬ ಆಸೆಯೊಂದು ಉಳಿಯುತ್ತಿತ್ತು. ಕೈಗೆ ಅಂಥದ್ದೇನೂ ಇಲ್ಲವಂತೆ. ಇರುವುದನ್ನು ಕಾಪಾಡಿಕೊಳ್ಳಬಹುದು, ಹೋದದ್ದು ಬರುವುದು ಕಷ್ಟ ಎಂದು ಆಮೇಲೆ ಡಾಕ್ಟರೂ ಹೇಳಿದರು.

ಕಾಕಾ ಆಗ ಕೂಗಾಡಲಿಲ್ಲ. "ಸರಿ ಮಾಡಿ ಕೊಡು ಮೇಡಂಗ. ನಾ ಕೈ ಮುಗದೀನಿ ಅಂತ ಹೇಳು," ಅಂದರು. ನಾನು ಪಿನ್ನುಗಳನ್ನು ಮತ್ತೆ ಸರಿಮಾಡಿದೆ. ಕಾಕು ಊಟಕ್ಕೆ ಏಳು ಅಂದರು. ಕೂತು ರೊಟ್ಟಿ ತಿಂದೆ. ಹೊರಡುವಾಗ ಕಾಕಾ ವ್ಯಾನಿನ ಕೀಲಿ ತಂದು ನನ್ನ ಕೈಗಿಟ್ಟರು.

ವ್ಯಾನನ್ನು ನಾನು ಬೆಳಗಾವಿಗೆ ಒಯ್ಯಲಿಲ್ಲ. ನನ್ನ ಅಂಗಡಿ ಮುಚ್ಚಿ ದಿನಾ ಬೆಳಿಗ್ಗೆ ಖಾನಾಪುರಕ್ಕೆ ಹೋಗಿ, ಅವರ ಚಪ್ಪರದ ಕೆಳಗೇ ಮಾಡಿದೆ. ಯಾವ ವೈರು ಯಾವುದರ ಹಿಂದಿನಿಂದ ಹೋಗಬೇಕು, ಎಲ್ಲಿ ತಗಡಿನ ಅಂಚು ಕೊಯ್ಯುತ್ತದೆ, ಅಲ್ಲಿ ರಬ್ಬರ್ ಹೇಗೆ ಕೂರಿಸಬೇಕು ಎಂದು ಅವರು ಖುರ್ಚಿಯಲ್ಲಿ ಕೂತು ಹೇಳುತ್ತಿದ್ದರು. ಎಲ್ಲ ಬಾಯಿಪಾಠ. ಒಮ್ಮೆಯೂ ಎದ್ದು ಬಂದು ಮುಟ್ಟಲಿಲ್ಲ. ಕಾಕು ಮೊರವನ್ನು ಅಡಿಗೆ ಮನೆಗೆ ಒಯ್ದಿದ್ದರು. ನನಗೆ ಬಣ್ಣ ಹೇಳುವವರು ಬೇಕಿರಲಿಲ್ಲ. ಪ್ಲಾಸ್ಟಿಕ್ ಪಟ್ಟಿ ಡಬ್ಬಿಯಲ್ಲೇ ಇತ್ತು, ಆದರೂ ನಾನು ಮೇಣದ ದಾರವನ್ನೇ ಹಾಕಿದೆ.

ಕೊನೆಯ ದಿನ ಎಲ್ಲ ದೀಪ, ಹಾರ್ನು, ವೈಪರು ನೋಡಿ, ಫ್ಯಾನು ಹಾಕಿ ಗ್ರಿಲ್ಲಿನ ಮುಂದೆ ಅಂಗೈ ಹಿಡಿದೆ. ಕಾಕಾ ಇತ್ತ ಮುಖ ಮಾಡಿ ಕೂತದ್ದು ಗಮನಕ್ಕೆ ಬಂದು ಥಟ್ಟನೆ ಕೈ ತೆಗೆದೆ.

"ಯಾಕ ತಗದಿ? ಹಿಡಿ," ಅಂದರು. ಹಿಡಿದೆ. ಒಳಕ್ಕೆ ಎಳೆಯುತ್ತಿತ್ತು.

ಆಮೇಲೆ ಅವರು ಖುರ್ಚಿಯಿಂದ ಎದ್ದು ಬಂದರು. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ, ವೈರಿನ ಕಟ್ಟನ್ನು ಹುಡುಕಿ, ನಾನು ಹಾಕಿದ ಗಂಟಿನ ಮೇಲೆ ಹೆಬ್ಬೆರಳು ಆಡಿಸಿದರು. ಒಮ್ಮೆ ಆಡಿಸಿ, ಮತ್ತೊಮ್ಮೆ ಆಡಿಸಿದರು. ಸಡಲ ಐತಿ, ಬಿಚ್ಚು ಅನ್ನಲಿ ಎಂದು ಕಾಯುತ್ತ ನಿಂತೆ.

ಕಾಕಾ ನನ್ನ ಕಡೆ ತಿರುಗಿದರು.

"ಬಿಗಿ ಆಗೈತೇನ ತಮ್ಮಾ?"

"ಆಗೈತ್ರಿ ಕಾಕಾ," ಅಂದೆ.